ಅಪ್ಪನಿಗೊಂದು ಬಾಲ್ಕನಿ ಸೀಟು

ಅಪ್ಪನ ಗಂಟಲಿನ ಗಡ್ಡೆಗೆ ಕೊಡುವ ಔಷಧಿ ಕಿವಿಯನ್ನೂ ತಿನ್ನಬಹುದು ಎಂದು ಡಾಕ್ಟರು ಹೇಳಿದ ದಿನ, ನಾನು ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ವಾಷಿಂಗ್ ಮೆಷಿನ್ ಬೇಡ ಎಂದು ಗಂಡನಿಗೆ ಹೇಳಿದ್ದು. ಅವರು ಚಹಾ ಸೋಸುತ್ತಿದ್ದರು. ಆಸ್ಪತ್ರೆಯಿಂದ ಬಂದವಳು ಇದೇನು ಮಾತಾಡುತ್ತಿದ್ದಾಳೆ ಎಂದು ಸೋಸಣಿಗೆ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಆ ದುಡ್ಡಿನ್ಯಾಗ ಸ್ಪೀಕರ್ ತರೂಣು," ಎಂದೆ. "ಟೀವಿಗೆ. ಟಾಕೀಸಿನಾಗ ಕೇಳಿದಂಗ ಕೇಳಬೇಕು. ಮೂರು ವಾರದಾಗ."

ಮೂರು ವಾರದ ಗಡುವು ನನ್ನದಲ್ಲ, ಆಸ್ಪತ್ರೆಯದು. ಚಿಕಿತ್ಸೆಗೆ ಮೊದಲು ಅಪ್ಪನ ಹುಳುಕು ಹಲ್ಲುಗಳನ್ನು ಕೀಳಬೇಕಿತ್ತು, ಆ ಗಾಯ ಮಾಯಬೇಕಿತ್ತು. ಬೇರೆ ಔಷಧಿ ಕೊಡಲು ಬರುವುದಿಲ್ಲವೇ ಎಂದು ನಾನು ಡಾಕ್ಟರ ಜೊತೆ ವಾದಕ್ಕೇ ನಿಂತಿದ್ದೆ. ಅವರು ಸಮಾಧಾನದಿಂದ ಹೇಳಿದರು: ಈ ಗಡ್ಡೆಗೆ ಇದೇ ಒಳ್ಳೆಯದು, ಕಿವಿ ಪರೀಕ್ಷೆಯಲ್ಲಿ ನೋಡಿದರೆ ಸಣ್ಣ ದನಿಗಳು ಈಗಾಗಲೇ ಅರ್ಧ ಹೋಗಿವೆ, ಉಳಿದವು ಹೋಗಬಹುದು, ಹೋಗದೆಯೂ ಇರಬಹುದು. ಪಕ್ಕದಲ್ಲಿ ಕೂತಿದ್ದ ಅಪ್ಪ ನನ್ನ ಕಡೆ ತಿರುಗಿ ಒಡಕು ದನಿಯಲ್ಲಿ, "ಜೀವ ಉಳದ್ರ ಸಾಕಲ್ಲ ತಂಗಿ, ಕಿವಿ ತಗೊಂಡು ಏನ್ ಮಾಡೂದೈತಿ," ಎಂದ. ಡಾಕ್ಟರಿಗೆ ಆ ಮಾತು ಹಿಡಿಸಿತು. ನನಗೆ ಹಿಡಿಸಲಿಲ್ಲ.

ಅಪ್ಪ ಮೂವತ್ತನಾಲ್ಕು ವರ್ಷ ಸಿನಿಮಾ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ. ರಾಯಚೂರು ಕಡೆಯ ಹಳ್ಳಿಯಿಂದ ಇಪ್ಪತ್ತರ ವಯಸ್ಸಿನಲ್ಲಿ ಹೈದರಾಬಾದಿಗೆ ಗಾರೆ ಕೆಲಸಕ್ಕೆ ಬಂದವನು. ಟಾಕೀಸಿನ ಗೋಡೆ ಕಟ್ಟಲು ಹೋಗಿ, ಗೋಡೆ ಮುಗಿದ ಮೇಲೂ ಒಳಗೇ ಉಳಿದುಕೊಂಡ. ಮಷೀನು ಒರೆಸುತ್ತ ಮಷೀನು ಓಡಿಸುವುದನ್ನು ಕಲಿತ. ಇಡೀ ಊರು ನೋಡುವ ಸಿನಿಮಾವನ್ನು ನಮ್ಮಪ್ಪನೇ ಓಡಿಸುವುದು ಎಂದು ನಾನು ಶಾಲೆಯಲ್ಲಿ ಜಂಬ ಕೊಚ್ಚುತ್ತಿದ್ದೆ. ಆದರೆ ಅಪ್ಪ ಒಂದೇ ಒಂದು ಸಿನಿಮಾವನ್ನೂ ಮಂದಿ ಕೇಳಿದ ಹಾಗೆ ಕೇಳಿರಲಿಲ್ಲ.

ಬಾಲ್ಕನಿಯ ಹಿಂದಿನ ಆ ಕೋಣೆಗೆ ಕ್ಯಾಬಿನ್ ಎನ್ನುತ್ತಿದ್ದರು. ಒಳಗೆ ಎರಡು ದೊಡ್ಡ ಮಷೀನು, ಒಂದು ಸ್ಟೂಲು, ಗೋಡೆಯಲ್ಲಿ ಅಂಗೈ ಅಗಲದ ಗಾಜಿನ ಕಿಂಡಿ. ಮಷೀನುಗಳ ಕಟಕಟದಲ್ಲಿ ಹಾಲಿನ ಸೌಂಡು ಒಳಗೆ ಕೇಳುತ್ತಿರಲಿಲ್ಲ. ಸೌಂಡು ಹೋಗುತ್ತಿದೆ ಎಂಬ ಗುರುತಿಗೆ ಒಂದು ಪುಟ್ಟ ಡಬ್ಬಿ ಸ್ಪೀಕರನ್ನು ಮೊಳೆ ಹೊಡೆದು ತೂಗುಹಾಕಿದ್ದರು. ಹೀರೋ ಗದರಿದರೂ ಹೀರೋಯಿನ್ ಅತ್ತರೂ ಅದರಲ್ಲಿ ಒಂದೇ ಥರ ಕೇಳುತ್ತಿತ್ತು. ಅದಕ್ಕೂ ಕಿವಿ ಕೊಡಲು ಅಪ್ಪನಿಗೆ ಪುರಸೊತ್ತಿರಲಿಲ್ಲ. ಒಂದು ರೀಲು ಓಡುವಾಗ ಹಿಂದಿನ ರೀಲನ್ನು ಮರಳಿ ಸುತ್ತಬೇಕು, ಮುಂದಿನದನ್ನು ಇನ್ನೊಂದು ಮಷೀನಿಗೆ ಏರಿಸಬೇಕು. ರೀಲು ಮುಗಿಯುವ ಮುಂಚೆ ಪರದೆಯ ಬಲಮೂಲೆಯಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಒಂದು ಬಿಳಿ ಚುಕ್ಕೆ ಬರುತ್ತದೆ. ಅದನ್ನು ಕಂಡೊಡನೆ ಎರಡನೆಯ ಮಷೀನು ಚಾಲೂ ಮಾಡಬೇಕು. ಹಾಲಿನಲ್ಲಿ ಕೂತ ಸಾವಿರ ಮಂದಿಗೆ ಆ ಚುಕ್ಕೆ ಕಾಣುವುದಿಲ್ಲ. ಅಪ್ಪನಿಗೆ ಕಾಣುತ್ತಿದ್ದುದೇ ಅದು.

ಹೊಸ ಸಿನಿಮಾ ಬಿದ್ದ ಮೊದಲ ದಿನ ಅವ್ವನಿಗೂ ನನಗೂ ಪಾಸು ಸಿಗುತ್ತಿತ್ತು. ಬಾಲ್ಕನಿಯಲ್ಲಿ ಕಿಂಡಿಯ ನೇರಕ್ಕೆ ಅವ್ವನ ಖಾಯಂ ಸೀಟು. ಅದರ ಮೇಲೆಯೇ ಏಸಿಯ ಬಾಯಿ. ಅಕ್ಕಪಕ್ಕದ ಹೆಂಗಸರೆಲ್ಲ ಸೆರಗು ಹೊದ್ದು ಮುದುರಿ ಕೂತರೆ, ನಮ್ಮವ್ವ ಬರೀ ತಲೆಯಲ್ಲಿ ನೆಟ್ಟಗೆ ಕೂತಿರುತ್ತಿದ್ದಳು. "ಹೊದ್ಕೋ ಅವ್ವಾ," ಎಂದರೆ, "ಈಗ ಬ್ಯಾಡ, ಸುಮ್ಮ ಕುಂದ್ರು," ಎನ್ನುತ್ತಿದ್ದಳು. ಹೊಡೆದಾಟ ಬಂದಾಗ ಮಾತ್ರ ಒಮ್ಮೆಲೇ ಸೆರಗೆಳೆದು ತಲೆ ತುಂಬ ಹೊದೆಯುತ್ತಿದ್ದಳು. ನಮ್ಮವ್ವನಿಗೆ ಹೊಡೆದಾಟ ಕಂಡರೆ ಹೆದರಿಕೆ ಎಂದು ನಾನು ಗೆಳತಿಯರ ಮುಂದೆ ಹೇಳಿಕೊಂಡು ನಗುತ್ತಿದ್ದೆ. ಆಟ ಬಿಟ್ಟ ಮೇಲೆ ಬಸ್ಸಿನಲ್ಲಿ ಅವಳಿಗೆ ಒರಗಿ ಕೂತರೆ ಅವಳ ಕಿವಿ ನನ್ನ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು.

ನೂರು ದಿನ ದಾಟಿ ಓಡಿದ ಒಂದು ತೆಲುಗು ಸಿನಿಮಾ ಇತ್ತು. ಅದರ ಆರನೇ ರೀಲಿನ ಕೊನೆಯಲ್ಲಿ ರೈಲು ಹೊರಡುತ್ತದೆ, ತಾಯಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಮಗನಿಗೆ ಪಿಸುಮಾತಿನಲ್ಲಿ ಏನೋ ಹೇಳುತ್ತಾಳೆ. ನಾನೂ ಬಾಲ್ಕನಿಯಲ್ಲಿ ಕೂತು ನೋಡಿದ್ದೆ, ಆದರೆ ಆ ವಯಸ್ಸಿಗೆ ನೆನಪುಳಿದದ್ದು ರೈಲು ಮಾತ್ರ. ಪ್ರತಿ ಆಟಕ್ಕೂ ಅಲ್ಲಿ ಹಾಲಿಗೆ ಹಾಲೇ ಅಳುತ್ತಿತ್ತಂತೆ. ಚುಕ್ಕೆ ಬರುವುದೂ ಸರಿಯಾಗಿ ಅಲ್ಲಿಯೇ. ನೂರು ದಿನ, ದಿನಕ್ಕೆ ನಾಲ್ಕು ಆಟ, ಅಪ್ಪ ಆ ತಾಯಿಗೆ ಬೆನ್ನು ತಿರುಗಿಸಿ ಎರಡನೆಯ ಮಷೀನಿಗೆ ಕೈ ಹಾಕಿದ್ದ. ಮನೆಗೆ ಬಂದು, "ಆಕಿ ಅಲ್ಲಿ ಏನಂತಾಳ?" ಎಂದು ಅವ್ವನನ್ನು ಕೇಳುತ್ತಿದ್ದ. ಅವ್ವ ಹೇಳುತ್ತಲೇ ಇರಲಿಲ್ಲ. "ಅದು ಹೇಳೂದಲ್ಲರಿ, ಕೇಳೂದು. ಒಂದ್ಸಲ ನನ್ನ ಬಾಜೂಕ ಬಂದು ಕುಂದ್ರರಿ," ಎನ್ನುತ್ತಿದ್ದಳು. ಅದು ಅವರಿಬ್ಬರ ನಡುವೆ ವರ್ಷಗಟ್ಟಲೆ ನಡೆದ ತಮಾಷೆ. ಬಾಜೂಕ ಕೂರುವುದು ಮಾತ್ರ ಆಗಲಿಲ್ಲ. ರಜೆಯ ದಿನ ಅಪ್ಪ ಟಾಕೀಸಿನ ದಿಕ್ಕಿಗೆ ತಲೆ ಹಾಕುತ್ತಿರಲಿಲ್ಲ, ನಿದ್ದೆ ಮಾಡುತ್ತಿದ್ದ. ಆಮೇಲೆ ಟಾಕೀಸೇ ಮುಚ್ಚಿತು, ಕೆಡವಿದರು. ಆರು ವರ್ಷದ ಹಿಂದೆ ಅವ್ವ ಹೋದಳು.

ಟೀವಿಯಲ್ಲಿ ಆ ಸಿನಿಮಾ ಬಂದಿತ್ತು. ನಮ್ಮ ಟೀವಿಯ ಸ್ಪೀಕರು ಬೆನ್ನ ಹಿಂದೆ ಗೋಡೆಗೆ ಮುಖ ಮಾಡಿಕೊಂಡಿದೆ. ರೈಲಿನ ಸಿಳ್ಳೆ ಕೇಳಿತು, ತಾಯಿಯ ತುಟಿ ಅಲುಗಿದ್ದು ಕಂಡಿತು, ಅಷ್ಟೇ. ಒಮ್ಮೆ ಮಾಲಿನ ಥಿಯೇಟರಿಗೂ ಕರೆದುಕೊಂಡು ಹೋಗಿದ್ದೆವು. ಅಪ್ಪ ಇಂಟರ್ವಲ್‌ವರೆಗೆ ಕುತ್ತಿಗೆ ತಿರುಗಿಸಿ ಹಿಂದಿನ ಗೋಡೆಯ ಕಿಂಡಿಯನ್ನೇ ನೋಡುತ್ತಿದ್ದ, ಆಮೇಲೆ ಮನೆಗೆ ಹೋಗೋಣ ಎಂದ. ಈಗಂತೂ ಡಾಕ್ಟರು ಗದ್ದಲದ ಜಾಗಕ್ಕೆ ಹೋಗಲೇಬೇಡಿ ಎಂದಿದ್ದರು. ಹಾಗಾಗಿ ಆ ಒಂದು ಮಾತು, ಕಿವಿ ಇರುವಾಗಲೇ, ಅಪ್ಪನಿಗೆ ಕೇಳಬೇಕು. ನನಗೆ ಬೇಕಾದದ್ದು ಇಷ್ಟೇ. ಅದಕ್ಕೆ ಏನು ತರಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ನನ್ನ ಗಂಡ ತಾರ್ನಾಕದ ನಮ್ಮ ಮನೆಯ ಪಕ್ಕದಲ್ಲೇ ಇರುವ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುವವರು. ಎರಡು ದಿನ ಫೋನಿನಲ್ಲಿ ವಿಡಿಯೋ ನೋಡಿ ಪಂಡಿತರಾದರು. ಊಟಕ್ಕೆ ಕೂತರೆ ವ್ಯಾಟು, ಏಳುವಾಗ ಓಮು. ಮುಂದೆ ಮೂರು ಸ್ಪೀಕರು, ಹಿಂದೆ ಎರಡು, ಮೂಲೆಯಲ್ಲಿ ಗುಡುಗುವುದಕ್ಕೆ ಒಂದು ದೊಡ್ಡ ಬೇಸ್ ಡಬ್ಬಿ, ಇದಿಲ್ಲದೆ ಹೋಮ್ ಥಿಯೇಟರ್ ಅನ್ನಿಸಿಕೊಳ್ಳುವುದಿಲ್ಲ ಎಂದು ತೀರ್ಪು ಕೊಟ್ಟರು. ನಮ್ಮ ಹಾಲು ಹತ್ತು ಅಡಿಗೆ ಹನ್ನೆರಡು. ಅದರಲ್ಲಿ ಅಕ್ಕಿ ಡ್ರಮ್ಮೂ ಇದೆ. ಅಕ್ಕಿ ಡ್ರಮ್ಮಿನ ಮೇಲೆ ಯಾವ ಸ್ಪೀಕರು ಇಡುತ್ತೀರಿ ಎಂದು ಕೇಳಿದ್ದಕ್ಕೆ ಅವರು ಅರ್ಧ ದಿನ ಮಾತು ಬಿಟ್ಟರು.

ಮೊದಲು ಅಬಿಡ್ಸ್‌ನ ಒಂದು ದೊಡ್ಡ ಅಂಗಡಿಗೆ ಹೋದೆವು. ಗಾಜಿನ ಕೋಣೆ, ಮೆತ್ತನೆ ಸೋಫಾ. ಸೇಲ್ಸ್‌ಮನ್ ನನ್ನನ್ನೂ ಅಪ್ಪನನ್ನೂ ಬಿಟ್ಟು ನನ್ನ ಗಂಡನಿಗೊಬ್ಬರಿಗೇ ಎಲ್ಲ ವಿವರಿಸಿದ. ಬಾಗಿಲು ಮುಚ್ಚಿ ಹೆಲಿಕಾಪ್ಟರ್ ಹಾರಿಸಿದ. ಅದು ನಮ್ಮ ಎಡಗಿವಿಯಿಂದ ಬಂದು ಬಲಗಿವಿಗೆ ಹೋಯಿತು. ಆಮೇಲೆ ಸೇತುವೆ ಸ್ಫೋಟ. ಸೋಫಾ ನಡುಗಿತು, ಅಪ್ಪನಿಗೆ ಕೆಮ್ಮು ಹತ್ತಿತು. ಕೆಮ್ಮು ನಿಂತ ಮೇಲೆ ಅಪ್ಪ ತೆಲುಗಿನಲ್ಲಿ, ಯಾರಾದರೂ ಮಾತಾಡುವುದನ್ನು ಹಾಕಿ ಎಂದು ಕೇಳಿದ. ಡೆಮೊದಲ್ಲಿ ಮಾತು ಇಲ್ಲ ಸರ್ ಎಂದ ಆ ಹುಡುಗ, ಗಂಡನ ಕಡೆ ನೋಡಿ. ನನ್ನ ತಲೆ ಕೆಟ್ಟಿತು. ನಮ್ಮ ಮನೆಗೆ ಹೆಲಿಕಾಪ್ಟರ್ ಬರುವುದಿಲ್ಲಪ್ಪ, ಮನುಷ್ಯರು ಬರುತ್ತಾರೆ, ಅವರ ಮಾತು ಕೇಳಿಸು ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಬೆಲೆ ನೋಡಿದ ಮೇಲೆ ಜೋರು ಮಾಡುವ ಅಗತ್ಯವೇ ಇರಲಿಲ್ಲ ಅನ್ನಿಸಿತು. ನಮ್ಮ ವಾಷಿಂಗ್ ಮೆಷಿನ್ ದುಡ್ಡಿಗೆ ಅಲ್ಲಿ ಆ ಬೇಸ್ ಡಬ್ಬಿಯೊಂದೂ ಬರುತ್ತಿರಲಿಲ್ಲ.

ಬೀದಿಗಿಳಿದ ಮೇಲೆ ಅಪ್ಪ, "ಕೋಠಿಗೆ ನಡೀರಿ," ಎಂದ. ಅವನಾಗಿಯೇ ಬಾಯಿಬಿಟ್ಟದ್ದು ಅದೇ ಮೊದಲು. ಸ್ಪೀಕರ್ ತರುವ ಮಾತನ್ನು ಅಲ್ಲಿಯವರೆಗೆ ಅವನು ನನ್ನದೊಂದು ಹಟ ಎಂದುಕೊಂಡು ಸಹಿಸುತ್ತಿದ್ದ.

ಕೋಠಿಯಲ್ಲಿ ಬಟ್ಟೆ, ಪುಸ್ತಕ, ಔಷಧಿಗಳ ಗದ್ದಲ ದಾಟಿ ಒಳಗೆ ಹೋದರೆ ಸ್ಪೀಕರು, ಆಂಪ್ಲಿಫೈಯರುಗಳದೇ ಒಂದು ಗಲ್ಲಿ. ಹಳೆಯದು, ಹೊಸದು, ರಿಪೇರಿಯದು, ಅಲ್ಲಿಯೇ ಡಬ್ಬಿ ಮಾಡಿ ಕೂರಿಸಿಕೊಟ್ಟದ್ದು. ಅಪ್ಪ ಬಾಗಿಲಷ್ಟೇ ಅಗಲದ ಒಂದು ಅಂಗಡಿಯ ಮುಂದೆ ನಿಂತ. ಒಳಗೆ ಕನ್ನಡಕವನ್ನು ದಾರದಿಂದ ಕಟ್ಟಿಕೊಂಡ ಮುದುಕರೊಬ್ಬರು ಬೆಸುಗೆ ಹಾಕುತ್ತ ಕೂತಿದ್ದರು. ಅಪ್ಪ ಏನೂ ಕೇಳದೆ ಒಂದು ಮರದ ಡಬ್ಬಿಯ ಬೆನ್ನನ್ನು ಗೆಣ್ಣಿನಿಂದ ತಟ್ಟಿ, ಮುಂದೆ ಹೋಗಿ ಇನ್ನೊಂದನ್ನು ತಟ್ಟಿದ. ಮುದುಕರು ಬೆಸುಗೆ ನಿಲ್ಲಿಸಿ ದಖ್ಖನಿ ಉರ್ದುವಿನಲ್ಲಿ, ಯಾವ ಟಾಕೀಸಿನಲ್ಲಿದ್ದಿರಿ ಎಂದು ಕೇಳಿದರು. ಅಪ್ಪ ಹೆಸರು ಹೇಳಿದ. ಆ ಟಾಕೀಸಿನ ಆಂಪ್ಲಿಫೈಯರನ್ನು ಅವರು ಎರಡು ಸಲ ರಿಪೇರಿ ಮಾಡಿದ್ದರಂತೆ. ಇಬ್ಬರೂ ಒಬ್ಬರನ್ನೊಬ್ಬರು ಎಂದೂ ನೋಡಿರಲಿಲ್ಲ. ಮುದುಕರು ಕಟ್ಟೆಯ ಮೇಲಿದ್ದ ಸಾಮಾನು ಸರಿಸಿ ಅಪ್ಪನಿಗೆ ಜಾಗ ಮಾಡಿದರು.

ಅಲ್ಲಿ ಅಪ್ಪ ನನಗೆ ಗೊತ್ತಿಲ್ಲದ ಮನುಷ್ಯನಾದ. ಹಾಡು ಬೇಡ ಎಂದ. ರೇಡಿಯೋದಲ್ಲಿ ಹೆಂಗಸೊಬ್ಬಳು ವಾರ್ತೆ ಓದುವುದನ್ನು ಹಾಕಿಸಿ, ತಾನು ಸ್ಪೀಕರಿಗೆ ಬೆನ್ನು ಮಾಡಿ ಗೋಡೆ ನೋಡುತ್ತ ನಿಂತ. ಮೂರು ಜೊತೆ ಬದಲಾಯಿಸಿದರು, ಮೂರಕ್ಕೂ ತಲೆ ಅಲ್ಲಾಡಿಸಿದ. ಏನು ನೋಡುತ್ತಿದ್ದೀ ಎಂದು ಕೇಳಿದೆ.

"ಸಕಾರ, ಶಕಾರ ಬ್ಯಾರೆ ಬ್ಯಾರೆ ಕೇಳಬೇಕು," ಎಂದ. "ಗಾಳಿ ಹೊಂಟಂಗ ಒಂದ ಕೇಳಿದ್ರ ಆ ಸ್ಪೀಕರ್ ಕೆಲಸಕ್ಕ ಬರೂದಿಲ್ಲ. ನನ್ನ ಕಿವಿಗೂ ಅಷ್ಟ ತಿಳಿತೈತಿ ಇನ್ನ."

ಇನ್ನ ಎಂದ ಆ ಒಂದು ಮಾತಿಗೆ ನಾನು ಮುಖ ತಿರುಗಿಸಿ ಗಲ್ಲಿ ನೋಡುತ್ತ ನಿಂತೆ. ಅಲ್ಲಿಯವರೆಗೆ ಡಾಕ್ಟರ ಮಾತು ಅವನಿಗೆ ನಾಟಿಲ್ಲ ಎಂದೇ ನಾನು ತಿಳಿದಿದ್ದೆ. ನಾಟಿತ್ತು. ನನ್ನ ಮುಂದೆ ತೋರಿಸಿರಲಿಲ್ಲ ಅಷ್ಟೆ.

ಕೊನೆಗೆ ಆರಿಸಿದ್ದು ಬಣ್ಣ ಮಾಸಿದ ಎರಡು ಮರದ ಡಬ್ಬಿ, ನಡುವೆ ಟೀವಿಯ ಕೆಳಗೆ ಅಡ್ಡಡ್ಡ ಮಲಗಿಸುವ ಇನ್ನೊಂದು. ಮಾತೆಲ್ಲ ಬರುವುದು ಆ ನಡುವಿನದರಿಂದ, ದುಡ್ಡು ಹಾಕುವುದಿದ್ದರೆ ಅದಕ್ಕೇ ಹಾಕಿ ಎಂದರು ಮುದುಕರು. ಯಾರದೋ ಮನೆಯಿಂದ ಬಂದ ಹಳೆಯ ಆಂಪ್ಲಿಫೈಯರು ಒಂದು, ರಿಮೋಟಿನ ಸಮೇತ. ನನ್ನ ಗಂಡ ಬೇಸ್ ಡಬ್ಬಿಯ ಕಡೆ ಆಸೆಯಿಂದ ಕೈ ತೋರಿಸಿದರು. ಮುದುಕರು, "ನಕ್ಕೋ ಸಾಬ್," ಎಂದು ಬೇಡವೆಂಬಂತೆ ಅದರ ಮೇಲೆ ಬಟ್ಟೆ ಎಳೆದರು. ಹಾಗಾದರೆ ಹಿಂದಿನ ಎರಡಾದರೂ ಬೇಡವೇ ಎಂದರು ಇವರು.

ಅಪ್ಪನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಹಿಂದ ಇರೂದು ಕ್ಯಾಬಿನ್ನರಿ. ಅಲ್ಲಿಂದ ಸೌಂಡ್ ಬಂದ್ರ ಮಂದಿ ಬೈತಾರ."

ಚೌಕಾಸಿ ನನ್ನ ಇಲಾಖೆ. ಅದನ್ನು ಮುಗಿಸಿ, ಮೂರು ಡಬ್ಬಿ ಆಟೋದಲ್ಲಿ ಹೇರಿಕೊಂಡು, ಆಂಪ್ಲಿಫೈಯರನ್ನು ನಾನು ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದೆವು.

ಭಾನುವಾರ ಮಧ್ಯಾಹ್ನ ಎಲ್ಲ ಜೋಡಿಸಿದ್ದಾಯಿತು. ಅಕ್ಕಿ ಡ್ರಮ್ಮು ಅಡುಗೆಮನೆಗೆ ಹೋಯಿತು. ನನ್ನ ಗಂಡ ಲ್ಯಾಬಿನಿಂದ ಟೇಪು ತಂದು ಎರಡು ಸ್ಪೀಕರಿನಿಂದಲೂ ಒಂದೇ ದೂರ ಬರುವ ಜಾಗ ಅಳೆದು, ನೆಲದ ಮೇಲೆ ಸೀಮೆಸುಣ್ಣದಿಂದ ಗುಣಿಸುವ ಗುರುತು ಹಾಕಿದರು. ಈ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂದರು. ಅಲ್ಲಿ ಅಪ್ಪನ ಕುರ್ಚಿ ಇಟ್ಟೆ. ನಾನು ಪಕ್ಕದಲ್ಲಿ ಕೂತೆ, ಅವ್ವ ಕರೆಯುತ್ತಿದ್ದಳಲ್ಲ, ಹಾಗೆ ಬಾಜೂಕ. ಕಿಟಕಿಯ ಪರದೆ ಎಳೆದು ಆ ಸಿನಿಮಾ ಹಾಕಿದೆವು.

ನಮ್ಮ ದರಿದ್ರ ಹಾಲಿನಲ್ಲಿ ಅಂಥ ದನಿ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಬಾವಿಗೆ ಬಿಂದಿಗೆ ಇಳಿಬಿಟ್ಟ ಸದ್ದು ಬಾವಿಯೊಳಗಿಂದಲೇ ಬಂತು. ನನಗೆ ಮೈ ಜುಮ್ಮೆಂದಿತು, ಅಪ್ಪನ ಕಡೆ ನೋಡಿದೆ. ಅಪ್ಪ ರಿಮೋಟು ಹಿಡಿದು ನನ್ನನ್ನೇ ನೋಡುತ್ತಿದ್ದ. "ಹೆಚ್ಚಾತೇನು? ಕಡಿಮಿ ಮಾಡ್ಲಿ?" ಎಂದ. ಏನೂ ಮಾಡಬೇಡ, ಸಿನಿಮಾ ನೋಡು ಎಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ನನ್ನ ಕಡೆ ನೋಡಿದ. ನಾನು ರಿಮೋಟು ಕಸಿದುಕೊಂಡೆ. ಆಮೇಲೆ ಅವನು ಹಲ್ಲು ಕೀಳುವ ಕುರ್ಚಿಯಲ್ಲಿ ಕೂತವನ ಹಾಗೆ ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತ.

ಮೊದಲ ರೀಲು ಮುಗಿಯುವ ಹೊತ್ತಿಗೆ ಒಮ್ಮೆಲೇ ಎದ್ದು ನಿಂತು ಎಡಕ್ಕೆ ತಿರುಗಿದ. ಯಾಕೆ ಎಂದು ನಮಗೆ ತಿಳಿಯಲಿಲ್ಲ. ಅವನಿಗೂ ತಿಳಿದಂತಿರಲಿಲ್ಲ. ನಗುತ್ತ ಕೂತ. "ಚುಕ್ಕಿ ಬಂತು," ಎಂದ. ಹಳೆಯ ರೀಲಿನಿಂದಲೇ ಎತ್ತಿದ ಸಿನಿಮಾ ಅದು, ಚುಕ್ಕೆಗಳೂ ಜೊತೆಗೆ ಬಂದಿದ್ದವು. ಎರಡನೆಯ ರೀಲಿಗೂ ಎದ್ದ. ಮೂರಕ್ಕೂ. ನನ್ನ ಗಂಡನಿಗೆ ನಗು ತಡೆಯಲಾಗಲಿಲ್ಲ, ನನಗೂ ಬಂತು. ನಾಲ್ಕು, ಐದರ ಹೊತ್ತಿಗೆ ನನ್ನ ನಗು ಮುಗಿದಿತ್ತು. ಅಪ್ಪಾ, ಆರನೆಯದಕ್ಕೆ ಏಳಬೇಡ ಎಂದು ಎರಡು ಸಲ ಹೇಳಿದೆ. ಹೂಂ ಎಂದ.

ರೈಲು ಬಂತು. ಮಗ ಹತ್ತಿದ. ತಾಯಿ ಕಿಟಕಿಯ ಹತ್ತಿರ ಬಂದಳು. ಮೂಲೆಯಲ್ಲಿ ಚುಕ್ಕೆ ಮಿಟುಕಿತು. ಅಪ್ಪ ಎದ್ದ. ಕುರ್ಚಿ ಕಿರ್ರೆಂದು ಹಿಂದೆ ಸರಿಯಿತು, ಆ ಸದ್ದಿನಲ್ಲಿ ತಾಯಿಯ ಮಾತು ಹೋಯಿತು. ಅಪ್ಪ ಗೋಡೆಯ ಕಡೆ ಕೈ ಚಾಚಿ ನಿಂತಿದ್ದ.

ನಾನು ಕೂಗಿದೆ. ಏನು ಕೂಗಿದೆ ಎಂಬುದು ಈಗಲೂ ಅಕ್ಷರಕ್ಕಕ್ಷರ ನೆನಪಿದೆ, ನೆನಪಿರದಿದ್ದರೆ ಚೆನ್ನಾಗಿತ್ತು. "ಅವ್ವ ಸಾಯೂತನಕ ಕರದ್ಲು, ಒಂದಿನ ಬಾಜೂಕ ಕುಂದ್ರಲಿಲ್ಲ ನೀ. ಈಗರೆ ಕುಂದ್ರು. ಇನ್ನೆಷ್ಟು ದಿನ ಕೇಳತೀ ನೀ?"

ಅಪ್ಪ ಕೈ ಇಳಿಸಿ ಬಂದು ಕೂತ. ನನ್ನ ಗಂಡ ಎದ್ದು ಅಡುಗೆಮನೆಗೆ ಹೋದರು. ನಾನು ಯಾರ ಮುಖವನ್ನೂ ನೋಡದೆ ಸಿನಿಮಾವನ್ನು ಹಿಂದಕ್ಕೆ ಓಡಿಸಿದೆ. ಮತ್ತೆ ರೈಲು ಬಂತು, ಮಗ ಹತ್ತಿದ. ಈ ಸಲ ಚುಕ್ಕೆ ಬರುವ ಮೊದಲು ನಾನು ಅಪ್ಪನ ಕೈ ಹಿಡಿದುಕೊಂಡೆ. ಚುಕ್ಕೆ ಬಂದಾಗ ಆ ಕೈ ಎಳೆಯಿತು. ನಾನು ಬಿಡಲಿಲ್ಲ. ಟೀವಿಯ ಕೆಳಗಿನ ಆ ಮಾಸಿದ ಡಬ್ಬಿಯಿಂದ ತಾಯಿಯ ಮಾತು ಸ್ಪಷ್ಟವಾಗಿ ಬಂತು. ಊರು ಮುಟ್ಟಿದ ಮೇಲೆ ಒಂದು ಕಾರ್ಡು ಹಾಕು ಎನ್ನುತ್ತಾಳೆ. ಅಷ್ಟೇ.

"ಇಷ್ಟೇನಾ?" ಎಂದ ಅಪ್ಪ.

"ಇಷ್ಟ."

ತೆರೆಯ ಮೇಲೆ ಏಳನೆಯ ರೀಲು ತನ್ನ ಪಾಡಿಗೆ ಓಡುತ್ತಿತ್ತು. "ಇನ್ನೊಮ್ಮಿ ಹಾಕು," ಎಂದ. ಹಾಕಿದೆ. ಅಪ್ಪನ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ. "ನಿಮ್ಮವ್ವ ಹೇಳಬೇಕಿತ್ತು ನೋಡು. ನಾ ಏನೇನೋ ಅಂದ್ಕೊಂಡಿದ್ದೆ."

ಸಿನಿಮಾ ಮುಗಿದ ಮೇಲೆ ಕೂಗಿದ್ದಕ್ಕೆ ತಪ್ಪಾಯಿತು ಎಂದೆ. ಅಪ್ಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಆದರೆ ಕೇಳಲೇಬೇಕಾದದ್ದು ಇನ್ನೊಂದಿತ್ತು: ಅಷ್ಟು ಕಷ್ಟಪಟ್ಟು ಕೂರಿಸಿದರೆ ತೆರೆ ಬಿಟ್ಟು ನನ್ನನ್ನೇಕೆ ನೋಡುತ್ತಿದ್ದೆ?

"ಸೌಂಡ್ ಸರಿ ಐತೋ ಇಲ್ಲೋ ನನಗ ಹೆಂಗ ತಿಳೀಬೇಕು?" ಎಂದ ಅಪ್ಪ. "ಕ್ಯಾಬಿನ್ನಾಗ ಕುಂತವಗ ಹಾಲಿನ ಸೌಂಡ್ ತಿಳಿಯೂದಿಲ್ಲ. ನಿಮ್ಮವ್ವನ್ನ ಅದಕ್ಕ ಕುಂದರಸತಿದ್ದೆ ಅಲ್ಲಿ. ಆಕಿ ತಲಿ ಮ್ಯಾಲ ಸೆರಗ ಹೊದ್ರ ಸೌಂಡ್ ಹೆಚ್ಚಾತು ಅಂತ. ಕಿವಿ ಓಲಿ ಮುಟ್ಟಿದ್ರ ಕಡಿಮಿ ಆತು ಅಂತ. ಸುಮ್ಮ ಕುಂತ್ರ ಸರಿ ಐತಿ ಅಂತ. ಮೊದಲನೇ ದಿನ ಆಕಿ ಕೂಡಿಸಿಕೊಟ್ಟ ಸೌಂಡ್ ಮ್ಯಾಲ ನೂರು ದಿನ ಓಡಸತಿದ್ದೆ. ನಾ ಎಲ್ಲಿ ತೆರಿ ನೋಡತಿದ್ದೆ ತಂಗಿ? ಆಕಿ ತಲಿ ನೋಡತಿದ್ದೆ."

ಹೊಡೆದಾಟಕ್ಕೆ ಹೆದರುತ್ತಾಳೆಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಒಂದು ದಿನವೂ ಬಾಜೂಕ ಕೂರಲಿಲ್ಲ ಎಂದು ಗಂಟೆಯ ಹಿಂದಷ್ಟೇ ಅಪ್ಪನಿಗೆ ಅಂದಿದ್ದೆ. ಗೋಡೆಯ ಆಚೆ ಒಬ್ಬ, ಈಚೆ ಒಬ್ಬಳು, ಇಬ್ಬರೂ ಸೇರಿ ಊರಿಗೆಲ್ಲ ಸಿನಿಮಾ ಕೇಳಿಸಿದ್ದರು. ನಡುವೆ ನಾನೊಬ್ಬಳು ಚುರುಮುರಿ ತಿನ್ನುತ್ತ ಕೂತಿದ್ದೆ.

ಚಿಕಿತ್ಸೆ ಶುರುವಾಯಿತು. ಅದರ ಬಗ್ಗೆ ಬರೆಯುವ ಮನಸ್ಸಿಲ್ಲ. ಗಡ್ಡೆ ಕರಗಿತು, ಅಪ್ಪನ ತೂಕವೂ ಕರಗಿತು. ಕುಕ್ಕರಿನ ಸಿಳ್ಳೆ ಮೊದಲು ಹೋಯಿತು, ಆಮೇಲೆ ಬಾಗಿಲ ಬೆಲ್ಲು, ಆಮೇಲೆ ಫೋನು. ಸಕಾರ, ಶಕಾರ ಎರಡೂ ಗಾಳಿಯಾದವು ಎಂದು ಅವನೇ ಒಂದು ದಿನ ಹೇಳಿದ. ಕಿವಿಗೆ ಯಂತ್ರ ಕೊಟ್ಟಿದ್ದಾರೆ. ಹಾಕಿಕೊಂಡರೆ ತಲೆಯೊಳಗೆ ತಗಡು ಬಡಿದಂತಾಗುತ್ತದೆ ಎಂದು ತೆಗೆದು ಕಿಸೆಯಲ್ಲಿಡುತ್ತಾನೆ. ನಾವು ಹತ್ತಿರ ಹೋಗಿ ಮುಖ ನೋಡಿ ಮಾತಾಡಿದರೆ ತಿಳಿಯುತ್ತದೆ.

ಆದರೂ ಭಾನುವಾರದ ಸಿನಿಮಾ ನಿಲ್ಲಲಿಲ್ಲ. ಅದು ಅಪ್ಪನದೇ ಹಟ. ಚಿಕಿತ್ಸೆ ಮುಗಿದ ಮೇಲಿನ ಮೊದಲ ಭಾನುವಾರ ಅವನು ತನ್ನ ಕುರ್ಚಿಯನ್ನು ಸೀಮೆಸುಣ್ಣದ ಗುರುತಿನಿಂದ ಎತ್ತಿ, ಹಿಂದೆ ಅಡುಗೆಮನೆಯ ಬಾಗಿಲ ಹತ್ತಿರ ಹಾಕಿಕೊಂಡ. ಗುರುತಿನ ಮೇಲೆ ನನ್ನನ್ನು ಕೂರಿಸಿದ. ರಿಮೋಟು ಕೇಳಿ ಇಸಿದುಕೊಂಡ. ನಾನು ಈ ಸಲ ಕಸಿದುಕೊಳ್ಳಲಿಲ್ಲ. ಹೊಡೆದಾಟ ಬಂದಾಗ ದುಪಟ್ಟಾ ತಲೆಗೆಳೆದುಕೊಂಡೆ. ಹಿಂದಿನಿಂದ ಸೌಂಡು ಕಡಿಮೆ ಮಾಡಿದ. ಹೊಡೆದಾಟ ಮುಗಿದು, ಮಾತು ಸಣ್ಣಗಾದಾಗ ಓಲೆ ಮುಟ್ಟಿದೆ. ಹೆಚ್ಚು ಮಾಡಿದ. ನನ್ನ ಗಂಡನಿಗೆ ಇದೆಲ್ಲ ರೂಢಿಯಾಗಿದೆ. ರೂಮಿನ ಅತಿ ಒಳ್ಳೆಯ ಜಾಗ ಕೊನೆಗೂ ನಿನ್ನದೇ ಆಯಿತು ನೋಡು ಎಂದು ಕಾಡುತ್ತಾರೆ.

ಕಳೆದ ಚಳಿಗಾಲದ ಒಂದು ಸಂಜೆ ನನಗೆ ನೆಗಡಿಯಾಗಿತ್ತು. ಕಿಟಕಿಯಿಂದ ಗಾಳಿ ಬರುತ್ತಿತ್ತು. ಯೋಚನೆಯೇ ಮಾಡದೆ ದುಪಟ್ಟಾ ತಲೆಗೆ ಹೊದ್ದು ಕಿವಿ ಮುಚ್ಚಿಕೊಂಡೆ. ಸೌಂಡು ಸ್ವಲ್ಪ ಇಳಿಯಿತು. ಇನ್ನೂ ಇಳಿಯಿತು. ಸಿನಿಮಾದಲ್ಲಿ ಗಂಡ ಹೆಂಡತಿ ಏನೋ ಜಗಳಾಡುತ್ತಿದ್ದರು, ಅವರ ಬಾಯಿ ಆಡುತ್ತಿತ್ತು, ಮಾತು ನಿಂತಿತು. ಆಂಪ್ಲಿಫೈಯರು ಕೆಟ್ಟಿತೆಂದು ಹಿಂದೆ ತಿರುಗಿದೆ.

ಅಪ್ಪ ರಿಮೋಟು ಹಿಡಿದು, ಸ್ವಲ್ಪ ಮುಂದೆ ಬಾಗಿ, ನನ್ನ ತಲೆಯನ್ನೇ ನೋಡುತ್ತ ಕೂತಿದ್ದ. ಮುಖದಲ್ಲಿ ಯಾವ ಗೊಂದಲವೂ ಇರಲಿಲ್ಲ. ಮನೆಯಲ್ಲಿ ಒಂದು ಸದ್ದೂ ಇಲ್ಲ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಇಷ್ಟು ತಿಂಗಳು ಅರ್ಧವಾದರೂ ಕೇಳುತ್ತಿರಬೇಕು ಎಂದು ನಾನು ಅಂದುಕೊಂಡು ಬಂದಿದ್ದೆ. ಅವನು ಕೇಳುತ್ತಿರಲಿಲ್ಲ. ನನ್ನನ್ನು ನೋಡಿಕೊಂಡು ನನಗೆ ಕೇಳಿಸುತ್ತಿದ್ದ.

ಎದ್ದು ಹೋಗಿ ಅವನ ಕಾಲ ಬಳಿ ಕೂತು ಅತ್ತುಬಿಡಬೇಕು ಅನ್ನಿಸಿತು. ಎದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಮುಂದೆ ತಿರುಗಿದೆ. ದುಪಟ್ಟಾ ತೆಗೆದೆ. ಓಲೆ ಮುಟ್ಟಿ, ಗಂಡ ಹೆಂಡತಿಯ ಜಗಳ ಪೂರಾ ಮರಳಿ ಬರುವವರೆಗೆ ಕೈ ಅಲ್ಲಿಯೇ ಇಟ್ಟುಕೊಂಡೆ.

"ಸರಿ ಐತಿ?" ಎಂದ ಅಪ್ಪ ಹಿಂದಿನಿಂದ.

ಮಾತಾಡಿದರೆ ಕೇಳುವುದಿಲ್ಲ. ಕೈ ಇಳಿಸಿ ಸುಮ್ಮನೆ ಕೂತೆ. ಗಾಳಿ ಬರುತ್ತಲೇ ಇತ್ತು. ಕಿಟಕಿ ಮುಚ್ಚಲು ಏಳಲಿಲ್ಲ, ದುಪಟ್ಟಾ ಮಡಚಿ ತೊಡೆಯ ಮೇಲಿಟ್ಟುಕೊಂಡೆ. ಸಿನಿಮಾ ಮುಗಿದಾಗ ಮುಟ್ಟಿ ನೋಡಿಕೊಂಡೆ. ಕಿವಿ ತಣ್ಣಗಾಗಿದ್ದವು.